ಒಂದು ಹೊಲ, ಎರಡು ಚೀಲ ಮಣ್ಣು

ಮಣ್ಣು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಮೂವರು ಹೋದ ತಿಂಗಳು ಫಾತೋರ್ಡಾದ ನಮ್ಮ ಮನೆಗೆ ಬಂದಿದ್ದರು. ಅವರಲ್ಲಿ ಒಬ್ಬಳು ಹೆಣ್ಣುಮಗಳು. ಚಹಾ ಕುಡಿಯುತ್ತಾ ಅವಳು ಕೇಳಿದಳು: "ಈಗ ಹೆಂಗಸರ ಹೆಸರಿನಲ್ಲೂ ಮಣ್ಣಿನ ಕಾರ್ಡ್ ಮಾಡಿ ಅಂತ ಹೇಳ್ತಿದ್ದಾರೆ ಸರ್. ಒಳ್ಳೇದೇ ಅಲ್ವಾ?" ನಾನು ಬಿಸ್ಕೀಟಿನ ತಟ್ಟೆಯನ್ನು ಮುಂದೆ ತಳ್ಳಿದೆ.

ಅವರು ಹೋದ ಮೇಲೆ ನನ್ನ ಹೆಂಡತಿ, "ಮೂವತ್ತ ವರ್ಷ ಮಣ್ಣ ಅಗದ್ರಿ. ಆ ಹುಡುಗಿಗೆ ಹೇಳಾಕ ಒಂದ ಮಾತ ಇರಲಿಲ್ಲೇನ್ರಿ?" ಎಂದು ತರಾಟೆಗೆ ತೆಗೆದುಕೊಂಡಳು. ಮಾತು ಇತ್ತು. ಆದರೆ ಅದು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಟ್ಟಬೇಕು ಎಂಬುದು ನನಗೇ ಗೊತ್ತಿರಲಿಲ್ಲ. ಅದಕ್ಕೇ ಅಂದು ಬಂದಿದ್ದ ನಿಮಗೆ ಮೂವರಿಗೂ ಬರೆಯುತ್ತಿದ್ದೇನೆ. ಬರೆದರೆ ತಿಳಿದೀತು ಎಂಬ ಆಸೆ. ತಿಳಿಯದಿದ್ದರೆ ನೀವು ಮೂವರೂ ನನಗಿಂತ ಓದಿದವರು, ನೀವೇ ನೋಡಿಕೊಳ್ಳಿ.

ನಮ್ಮ ಅಪ್ಪ ಧಾರವಾಡದ ಕಡೆಯಿಂದ ವಾಸ್ಕೋ ಬಂದರಿಗೆ ಹಮಾಲಿಗೆ ಬಂದವರು. ನಾನು ಅಲ್ಲೇ ಓದಿ, ಹೇಗೋ ಮಣ್ಣು ಪರೀಕ್ಷೆಯ ಕಚೇರಿಗೆ ಕ್ಷೇತ್ರ ಸಹಾಯಕನಾಗಿ ಸೇರಿದೆ. ಹೆಸರು ದೊಡ್ಡದು, ಕೆಲಸ ಸಲಿಕೆಯದು. ರೈತರ ಹೊಲಕ್ಕೆ ಹೋಗುವುದು, ಮಣ್ಣು ತೆಗೆಯುವುದು, ಬಟ್ಟೆಯ ಚೀಲದಲ್ಲಿ ತುಂಬಿ ಚೀಟಿ ಹಾಕಿ ತರುವುದು. ಪರೀಕ್ಷೆ ಮುಗಿದ ಮೇಲೆ ಏನು ಹಾಕಬೇಕು, ಏನು ಬಿಡಬೇಕು ಎಂದು ಬರೆದ ಕಾರ್ಡನ್ನು ರೈತರ ಕೈಗೆ ಮುಟ್ಟಿಸುವುದು. ಬಡ್ತಿಯ ವಿಷಯ ಇಲ್ಲಿ ಬರೆಯುವುದಿಲ್ಲ, ಬರೆಯುವಂಥದ್ದು ಏನೂ ಆಗಲೂ ಇಲ್ಲ.

ನನಗೆ ಕೆಲಸ ಕಲಿಸಿದವರು ಕಾರವಾರದ ಕಡೆಯ ಒಬ್ಬ ಹಿರಿಯ ಸಾಹೇಬರು. ಹೊಲದಲ್ಲಿ ಹಾವು ಹರಿದಂತೆ ಅಡ್ಡಾದಿಡ್ಡಿ ನಡೆ, ಹತ್ತು ಕಡೆ ಅರ್ಧ ಅಡಿ ಗುಂಡಿ ತೋಡು, ಗುಂಡಿಯ ಗೋಡೆಯಿಂದ ಒಂದು ಹೋಳು ಮಣ್ಣು ಕೆತ್ತು, ಎಲ್ಲವನ್ನೂ ಬಕೆಟ್ಟಿನಲ್ಲಿ ಕಲಸು. ಕಲಸಿದ್ದನ್ನು ಬಟ್ಟೆಯ ಮೇಲೆ ಹರಡಿ ನಾಲ್ಕು ಪಾಲು ಮಾಡು. ಎದುರು ಬದುರಿನ ಎರಡು ಪಾಲು ಚೆಲ್ಲು, ಉಳಿದದ್ದನ್ನು ಮತ್ತೆ ಕಲಸು. ಕೊನೆಗೆ ಅರ್ಧ ಕಿಲೋ ಉಳಿಯುತ್ತದೆ. "ಅದೇ ಆ ಹೊಲ ಮಾರಾಯ," ಎನ್ನುತ್ತಿದ್ದರು. "ಉಳಿದದ್ದೆಲ್ಲ ಬರೀ ಜಾಗ."

ಎಲ್ಲಿ ಮಣ್ಣು ತೆಗೆಯಬಾರದು ಎಂಬುದಕ್ಕೂ ಅವರ ಬಳಿ ಪಟ್ಟಿ ಇತ್ತು. ಬದುವಿನ ಪಕ್ಕ ಬೇಡ, ಬಾವಿಯ ಹತ್ತಿರ ಬೇಡ, ಗಿಡದ ನೆರಳಲ್ಲಿ ಬೇಡ, ಮನೆಯ ಗೋಡೆಯ ಬುಡದಲ್ಲಿ ಬೇಡ, ತಿಪ್ಪೆ ಇದ್ದಲ್ಲಿ ಅಂತೂ ಬೇಡವೇ ಬೇಡ. ಮೊದಲ ವರ್ಷ ನಾನು ತಿಳಿಯದೆ ಹಳೆಯ ತಿಪ್ಪೆಯ ಜಾಗದಿಂದ ಮಣ್ಣು ತಂದಿದ್ದೆ. ಸಾಹೇಬರು ಫಲಿತಾಂಶ ನೋಡಿ, "ಎಲ್ಲರೂ ಬನ್ನಿ ಇಲ್ಲಿ, ಈ ಹೊಲದಲ್ಲಿ ಬಿತ್ತಬೇಕಾಗಿಲ್ಲ, ಇದನ್ನೇ ಚೀಲಕ್ಕೆ ತುಂಬಿ ಗೊಬ್ಬರ ಅಂತ ಮಾರಬಹುದು," ಎಂದು ಎಲ್ಲರೆದುರು ನಕ್ಕರು. ಆ ನಗು ನನ್ನ ಎದೆಯಲ್ಲಿ ಕೂತಿತು. ಅಂದಿನಿಂದ ಆ ಪಟ್ಟಿಯನ್ನು ನಾನು ಒಂದು ದಿನವೂ ಮೀರಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನಗೆ ಹೊಳೆದದ್ದು ಇಷ್ಟು: ಬದು, ಬಾವಿ, ಗೋಡೆಯ ಬುಡ, ತಿಪ್ಪೆ, ಇವೆಲ್ಲ ಹೆಂಗಸರು ಕೆಲಸ ಮಾಡುವ ಜಾಗಗಳು. ಅವರು ಬೆಳೆಸಿದ ಮಣ್ಣು ನನ್ನ ಚೀಲಕ್ಕೆ ಬೀಳುವ ದಾರಿಯೇ ಇರಲಿಲ್ಲ.

ಒಮ್ಮೆ ಒಂದು ಊರಿನಲ್ಲಿ ರೈತರ ಸಭೆ. ಗಂಡಸರು ಕುರ್ಚಿಯ ಮೇಲೆ, ಹೆಂಗಸರು ಬಾಗಿಲ ಬಳಿ ನಿಂತುಕೊಂಡು. ಯಾರು ಯಾವ ಗೊಬ್ಬರ ಹಾಕುತ್ತೀರಿ ಎಂದು ನಾನು ಕೇಳುತ್ತಾ ಬರೆದುಕೊಳ್ಳುತ್ತಿದ್ದೆ. ಒಬ್ಬ ರೈತ "ಯೂರಿಯಾ ಬಿಟ್ಟರೆ ಏನೂ ಇಲ್ಲ" ಎಂದಾಗ ಬಾಗಿಲ ಬಳಿ ಕಿಸಕ್ಕನೆ ನಗು. ಸಭೆ ಮುಗಿದ ಮೇಲೆ ಅವನ ಹೆಂಡತಿಯನ್ನು ಕೇಳಿದೆ, ಅವನು ಸುಳ್ಳು ಹೇಳಿದನೇ ಎಂದು. "ಇಲ್ಲ, ಅವರು ಹಾಕಿದ್ದನ್ನು ಅವರು ಹೇಳಿದರು," ಎಂದು ಕೊಂಕಣಿಯಲ್ಲಿ ಹೇಳಿ ಹೊರಟುಹೋದಳು. ನಾನು ಪೆನ್ನು ಮುಚ್ಚಿ ಬಸ್ ಹಿಡಿದೆ. ಅವಳನ್ನು ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಎಂದು ಆ ದಿನ ಅನಿಸಲೇ ಇಲ್ಲ.

ಈಗ ಮಾಬೂಬಿಯ ಹೊಲದ ವಿಷಯಕ್ಕೆ ಬರುತ್ತೇನೆ.

ರಾಜೇಸಾಬ ಮತ್ತು ಮಾಬೂಬಿ ವಿಜಯಪುರದ ಕಡೆಯವರು, ಗಂಡ ಹೆಂಡತಿ. ಮೊದಲು ದಾಬೋಲಿಮ್‌ನಲ್ಲಿ ಇಬ್ಬರೂ ಕಟ್ಟಡದ ಕೆಲಸ ಮಾಡಿದವರು. ಆಮೇಲೆ ರಾಜೇಸಾಬ ಟೆಂಪೋ ಓಡಿಸಲು ಶುರು ಮಾಡಿ ಮ್ಹಾಪಸಾದ ಕಡೆ ಬಂದ. ಅಲ್ಲಿ ಕೊಸ್ಮೀನಾ ಬಾಯಿ ಎಂಬ ವಯಸ್ಸಾದ ವಿಧವೆಯ ಮನೆಯ ಹಿಂದೆ ಹತ್ತು ಗುಂಟೆಯಷ್ಟು ಬೀಳುಭೂಮಿ ಇತ್ತು. ಅದನ್ನು ವರ್ಷ ವರ್ಷದ ಬಾಯಿಮಾತಿನ ಮೇಲೆ ಇವರು ಸಾಗುವಳಿಗೆ ಹಿಡಿದರು. ರಸ್ತೆಯ ಕಡೆಯ ಮುಂದಿನ ಅರ್ಧದಲ್ಲಿ ರಾಜೇಸಾಬ ತಾಂಬಡಿ ಭಾಜಿ ಎಂಬ ಕೆಂಪು ಸೊಪ್ಪು, ಮೂಲಂಗಿ ಬೆಳೆಯುತ್ತಿದ್ದ. ಬಾವಿಯ ಕಡೆಯ ಹಿಂದಿನ ಅರ್ಧದಲ್ಲಿ ಮಾಬೂಬಿ ಮೆಣಸಿನಕಾಯಿ, ಬೆಂಡೆ, ಹೀರೆ ಹಾಕುತ್ತಿದ್ದಳು. ಶುಕ್ರವಾರ ಮ್ಹಾಪಸಾ ಸಂತೆಯಲ್ಲಿ ಅವಳೇ ಕೂತು ಮಾರುತ್ತಿದ್ದಳು.

ನಾನು ಮೊದಲ ಸಲ ಹೋದಾಗ ರಾಜೇಸಾಬ ಟೆಂಪೋ ನಿಲ್ಲಿಸಿ ಓಡಿ ಬಂದ. "ಬರ್ರಿ ಸಾಹೇಬ್ರ, ನಮ್ಮ ಕಡಿಯವರಂತ ಕೇಳೇನಿ, ಭಾಳ ಖುಷಿ ಆತು," ಎಂದ. ಏನು ಗೊಬ್ಬರ ಹಾಕುತ್ತೀ ಎಂದು ಕೇಳಿದೆ.

"ಯೂರಿಯಾ, ಡಿಎಪಿ. ಮತ್ತೇನಿಲ್ರಿ."

ಹಾಗೇ ಬರೆದುಕೊಂಡೆ. ಹಿಂದೆ ಬಾವಿಯ ಬಳಿ ಮಾಬೂಬಿ ಕುಕ್ಕರಗಾಲಲ್ಲಿ ಕೂತು ಕಲ್ಲಿನಿಂದ ಏನನ್ನೋ ಜಜ್ಜುತ್ತಿದ್ದಳು. ಪಕ್ಕದಲ್ಲಿ ಒಂದು ಬುಟ್ಟಿ ಬೂದಿ. ತಲೆಯೆತ್ತಿ ನನ್ನನ್ನೇ ನೋಡಿದಳು, ನಾನು ಏನೋ ಕೇಳಲಿದ್ದೇನೆ ಎಂಬಂತೆ. ಕೋಳಿಗೆ ಏನೋ ತಿನಿಸು ಮಾಡುತ್ತಿದ್ದಾಳೆ ಎಂದುಕೊಂಡು ನಾನು ಸಲಿಕೆ ಎತ್ತಿಕೊಂಡೆ. ಅಲ್ಲಿ ಬಾವಿ, ಬದು, ತಿಪ್ಪೆ, ಗೋಡೆ, ನನ್ನ ಪಟ್ಟಿಯಲ್ಲಿದ್ದ ಎಲ್ಲವೂ ಇದ್ದವು. ಆ ಕಡೆ ಕಾಲಿಡದೆ ಮುಂದಿನ ಅರ್ಧದಲ್ಲೇ ಹತ್ತು ಗುಂಡಿ ತೋಡಿ, ಚೀಲ ಕಟ್ಟಿಕೊಂಡು ಬಂದೆ.

ಕಾರ್ಡು ರಾಜೇಸಾಬನ ಹೆಸರಿನಲ್ಲಿ ಬಂತು. ಮಣ್ಣು ಹುಳಿ, ಸತ್ವ ಕಡಿಮೆ, ಸುಣ್ಣ ಹಾಕಿ ಎಂದು. ರಾಜೇಸಾಬ ಸರಕಾರಿ ಕಾಗದಕ್ಕೆ ಮರ್ಯಾದೆ ಕೊಡುವ ಮನುಷ್ಯ. ಕೃಷಿ ಸುಣ್ಣ ತಂದು, ಹೊಲಕ್ಕೆ ಅಂದರೆ ಇಡೀ ಹೊಲಕ್ಕೆ, ಹೆಂಡತಿಯ ಅರ್ಧಕ್ಕೂ ಸೇರಿಸಿ, ಕೈಬಿಚ್ಚಿ ಎರಚಿದ.

ಕೆಲವು ವಾರಗಳ ಮೇಲೆ ಮಾಬೂಬಿ ಒಬ್ಬಳೇ ನಮ್ಮ ಕಚೇರಿಗೆ ಬಂದಳು. ಕೈಯಲ್ಲಿ ಬೇರುಸಹಿತ ಕಿತ್ತ ಒಂದು ಮೆಣಸಿನ ಗಿಡ. ಎಳೆ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು.

"ಇದಕ್ಕೇನಾಗೇತ್ರಿ ಸಾಹೇಬ್ರ?"

"ಸುಣ್ಣ ಜಾಸ್ತಿ ಆಗೇತಿ. ಗಿಡಕ್ಕ ಕಬ್ಬಿಣ ಸಿಗವಲ್ದು," ಎಂದೆ.

"ಸುಣ್ಣ ಹಾಕ್ರಿ ಅಂದವ್ರು ಯಾರ್ರಿ?"

ನಾನು ಗಿಡವನ್ನು ಹಿಂದೆ ಮುಂದೆ ತಿರುಗಿಸಿದೆ. "ನೀ ಏನೇನ ಹಾಕತಿದ್ದಿ ಯವ್ವಾ ಅಲ್ಲಿ?"

ಆಗ ಅವಳು ಹೇಳಿದಳು. ಪೊದೇರ ಅಂದರೆ ಪಾವ್ ಸುಡುವವನ ಸೌದೆ ಭಟ್ಟಿಯ ಬೂದಿ. ಸಂತೆಯ ಮೀನಿನ ಕಟ್ಟೆಯಲ್ಲಿ ಉಳಿದ ತಲೆ, ಸಿಗಡಿಯ ಸಿಪ್ಪೆ. ಹೋಟೆಲ್ಲಿನವರು ಎಸೆದ ಚಿಪ್ಪುಮೀನಿನ ಚಿಪ್ಪು, ಜಜ್ಜಿ ಪುಡಿ ಮಾಡಿ. ಆಡಿನ ಹಿಕ್ಕಿ, ಒಣಗಿದ ಎಲೆ. ಆರು ವರ್ಷದಿಂದ, ಒಂದೊಂದು ಬುಟ್ಟಿಯಾಗಿ. ಬೂದಿಯೂ ಚಿಪ್ಪೂ ಮಣ್ಣಿನ ಹುಳಿ ತೆಗೆಯುವ ವಸ್ತುಗಳೇ. ಸುಣ್ಣದ ಕೆಲಸವನ್ನು ಅವಳು ಆಗಲೇ ಮುಗಿಸಿದ್ದಳು. ಅದರ ಮೇಲೆ ನಮ್ಮ ಕಾರ್ಡು ಇನ್ನೊಮ್ಮೆ ಸುಣ್ಣ ಸುರಿಸಿತ್ತು.

"ನನ್ನ ಕಡಿ ಮಣ್ಣ ನೀವು ಮುಟ್ಟೇ ಇಲ್ಲ," ಎಂದಳು. "ಮುಟ್ಟಲಾರದ ಮಣ್ಣಿಗೆ ಔಷಧ ಹೆಂಗ ಬರದ್ರಿ?"

ನನಗೆ ನಾಚಿಕೆಯಾಯಿತು. ಸಾಹೇಬರ ಬಳಿ ಹೋಗಿ, ಈ ಹೊಲದಲ್ಲಿ ಗಂಡನ ಮಣ್ಣು ಬೇರೆ, ಹೆಂಡತಿಯ ಮಣ್ಣು ಬೇರೆ ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, "ಮಣ್ಣಿಗೆ ಗಂಡು ಹೆಣ್ಣು ಇಲ್ಲ ಮಾರಾಯ, ಹುಳಿ ಇದೆ, ಸಪ್ಪೆ ಇದೆ. ಎರಡೂ ಕಡೆಯಿಂದ ತೆಗೆದು ಚೆನ್ನಾಗಿ ಕಲಸು," ಎಂದರು. ಆ ಮಾತೂ ಸರಿ ಎನಿಸಿತು. ನನ್ನ ಕಷ್ಟ ಏನೆಂದರೆ ನನಗೆ ಎದುರಿಗಿದ್ದವರ ಮಾತೆಲ್ಲ ಸರಿ ಎನಿಸುತ್ತದೆ.

ಮುಂದಿನ ಸಲ ಹಾಗೇ ಮಾಡಿದೆ. ಹುಳಿ ಮಣ್ಣು, ಸಿಹಿ ಮಣ್ಣು ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಿದೆ. ಕಾರ್ಡು ಬಂತು: ಎಲ್ಲವೂ ಮಧ್ಯಮ, ಹೆಚ್ಚೇನೂ ಹಾಕುವುದು ಬೇಡ. ಅಂಥ ಮಧ್ಯಮ ಮಣ್ಣು ಆ ಹೊಲದಲ್ಲಿ ಒಂದು ಹಿಡಿಯಷ್ಟೂ ಇರಲಿಲ್ಲ. ರಾಜೇಸಾಬನನ್ನು ಕೇಳಿದೆ, ನಿನ್ನ ಹೆಂಡತಿ ಬೂದಿ, ಚಿಪ್ಪು ಹಾಕುವುದು ಗೊತ್ತೇ ಎಂದು. "ಹೆಣ್ಮಕ್ಕಳು ಏನೇನರ ಹಾಕತಾರ್ರಿ ಸಾಹೇಬ್ರ. ಅದಕ್ಕ ಗೊಬ್ಬರ ಅಂತಾರೇನ್ರಿ?" ಎಂದ. ಮಾಬೂಬಿಯನ್ನು ಕೇಳಿದೆ, ಗಂಡ ಏನು ಹಾಕುತ್ತಾನೆ ಎಂದು. "ಚೀಲದಾಗಿಂದು ಬಿಳೇದು ಏನೋ," ಎಂದಳು. ಒಂದೇ ಒಲೆಯ ರೊಟ್ಟಿ ತಿನ್ನುವ ಇಬ್ಬರು, ಒಬ್ಬರು ಮಣ್ಣಿಗೆ ಏನು ಉಣಿಸುತ್ತಾರೆ ಎಂಬುದು ಇನ್ನೊಬ್ಬರಿಗೆ ಗೊತ್ತಿಲ್ಲ. ಆದರೂ ಅವರಲ್ಲಿ ಜಗಳ ಇರಲಿಲ್ಲ. ಇದು ನನಗೆ ಇಂದಿಗೂ ಅರ್ಥವಾಗಿಲ್ಲ.

ಅಷ್ಟರಲ್ಲಿ ಸಾಹೇಬರು ನಿವೃತ್ತರಾದರು. ಬಣ್ಣ ನೋಡಿ ಹೇಳುವ ಗಾಜಿನ ನಳಿಗೆಗಳ ಜಾಗದಲ್ಲಿ ಯಂತ್ರ ಬಂತು. ಚೀಟಿಯ ಬದಲು ಮೊಬೈಲ್ ಬಂತು. ಹೊಲದ ನಡುವೆ ನಿಂತು ಒತ್ತಿದರೆ ನಕ್ಷೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ, ಆ ಚುಕ್ಕೆಗೆ ಒಂದು ಹೆಸರು. ಗಂಡನ ಹೆಸರು ಹಾಕಿದರೆ ಸರಾಗ. ನಾನು ಎಷ್ಟು ಚುಕ್ಕೆ ಒತ್ತಿದೆನೋ ಲೆಕ್ಕವಿಲ್ಲ.

ಒಂದು ದಿನ ರಾಜೇಸಾಬ ಫೋನ್ ಮಾಡಿದ. ಕೊಸ್ಮೀನಾ ಬಾಯಿಯ ಕಿವಿಗೆ ಯಾರೋ ಹಾಕಿದ್ದರು, ಈ ಹೊರಗಿನವರು ಔಷಧಿ ಹಾಕಿ ನಿನ್ನ ಭೂಮಿಯನ್ನು ಕೊಂದರು ಎಂದು. ಅವಳು ಹೊಲ ಬಿಡಿ ಅನ್ನುತ್ತಿದ್ದಳು. ಮಣ್ಣು ಚೆನ್ನಾಗಿದೆ ಎಂದು ಸರಕಾರದವರು ಬರೆದುಕೊಟ್ಟರೆ ಮಾತ್ರ ಮುಂದುವರಿಸುತ್ತಾಳಂತೆ. "ಸಾಹೇಬ್ರ, ಹೊಲ ಹೋದ್ರ ಆಕಿ ಭಾಳ ಕುಗ್ಗತಾಳ್ರಿ," ಎಂದ ರಾಜೇಸಾಬ. "ನನಗ ಟೆಂಪೋ ಐತಿ. ಆಕಿಗೆ ಅದೊಂದಽ ಐತ್ರಿ."

ಈ ಸಲ ಸರಿಯಾಗಿ ಮಾಡುತ್ತೇನೆ ಎಂದು ನಿರ್ಧರಿಸಿದೆ. ಎರಡು ಚೀಲ ಒಯ್ದೆ. ಮುಂದಿನ ಅರ್ಧ ಒಂದಕ್ಕೆ, ಹಿಂದಿನ ಅರ್ಧ ಇನ್ನೊಂದಕ್ಕೆ. ನನ್ನ ಕೆಲಸದ ಬದುಕಿನಲ್ಲಿ ಮೊದಲ ಸಲ ಬಾವಿಯ ಬಳಿ, ಬದುವಿನ ಪಕ್ಕ ಸಲಿಕೆ ಹಾಕಿದೆ. ಮಾಬೂಬಿ ಜೊತೆಗೇ ನಡೆಯುತ್ತಾ, ಎಲ್ಲಿ ಯಾವಾಗ ಏನು ಹಾಕಿದ್ದಳು ಎಂದು ಹೇಳಿದಳು. ಎಲ್ಲವನ್ನೂ ಬರೆದುಕೊಂಡೆ. ಎರಡನೆಯ ಚೀಲದ ಚೀಟಿಯಲ್ಲಿ ಅವಳ ಹೆಸರು ಬರೆದಾಗ ಅವಳು ಬಗ್ಗಿ ನೋಡಿ, "ಇದಽ ನನ್ನ ಹೆಸರೇನ್ರಿ? ಭಾಳ ಸಣ್ಣದೈತಿ," ಎಂದು ನಕ್ಕಳು. ಆ ದಿನ ಬಸ್ಸಿನಲ್ಲಿ ನನಗೆ ನನ್ನ ಬಗ್ಗೆಯೇ ಹೆಮ್ಮೆ.

ಕಾರ್ಡುಗಳು ಬಂದವು. ಮುಂದಿನ ಅರ್ಧ ಹುಳಿ, ಸತ್ವ ಕಡಿಮೆ. ಹಿಂದಿನ ಅರ್ಧದಲ್ಲಿ ನಾವು ಎರಚಿಸಿದ್ದ ಸುಣ್ಣವನ್ನೂ ಆಕೆಯ ಎಲೆಗೊಬ್ಬರ ಅರಗಿಸಿಕೊಂಡಿತ್ತು. ಅಷ್ಟು ಒಳ್ಳೆಯ ತರಕಾರಿ ಮಣ್ಣು ಆ ಸುತ್ತಿನಲ್ಲಿ ನನ್ನ ಕೈಗೆ ಸಿಕ್ಕಿರಲಿಲ್ಲ. ನಾನೇ ಎರಡೂ ಕಾರ್ಡನ್ನು ಕೊಸ್ಮೀನಾ ಬಾಯಿಗೆ ತೋರಿಸಲು ಹೋದೆ.

ಅವಳು ಮನೆಯ ಮುಂಜಗುಲಿಯಲ್ಲಿ ಕೂತು, ಕನ್ನಡಕ ಹಾಕಿಕೊಂಡು ಎರಡನ್ನೂ ಓದಿದಳು. ಆಮೇಲೆ ಚಪ್ಪಲಿ ಬಿಟ್ಟು ಹೊಲಕ್ಕೆ ನಡೆದಳು. ಹಿಂದಿನ ಅರ್ಧದಲ್ಲಿ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಸಿದಳು. ಕಣ್ಣಲ್ಲಿ ನೀರು.

"ನಾನು ಮದುವೆಯಾಗಿ ಬಂದಾಗ ಇಲ್ಲಿ ನಮ್ಮತ್ತೆ ಮೆಣಸಿನಕಾಯಿ ಬೆಳೆಯುತ್ತಿದ್ದರು," ಎಂದು ಕೊಂಕಣಿಯಲ್ಲಿ ಹೇಳಿದಳು. "ಮಣ್ಣು ಹೀಗೇ ಇತ್ತು, ಇದೇ ವಾಸನೆ. ಅದು ಸತ್ತೇಹೋಯಿತು ಅಂದುಕೊಂಡಿದ್ದೆ." ಆಮೇಲೆ ಮಾಬೂಬಿಯ ಕಡೆ ತಿರುಗಿದಳು. ಮುಂದಿನ ಅರ್ಧ ನೀವೇ ಮಾಡಿಕೊಳ್ಳಿ, ಈ ಅರ್ಧ ಇನ್ನು ನಾನು ಮಾಡುತ್ತೇನೆ ಎಂದಳು.

ಮಾಬೂಬಿ ಬೂದಿಯ ಬುಟ್ಟಿ ಹಿಡಿದು ನಿಂತಿದ್ದಳು. ಅವಳಿಗೆ ಕೊಂಕಣಿ ಅರ್ಥವಾಗುತ್ತಿತ್ತು. ಬುಟ್ಟಿಯನ್ನು ನೆಲಕ್ಕಿಟ್ಟಳು, ಅಷ್ಟೇ.

ರಾಜೇಸಾಬ ನನ್ನನ್ನು ಬಸ್ಸಿಗೆ ಬಿಡುವಾಗ ಟೆಂಪೋ ನಿಲ್ಲಿಸಿ ಹೇಳಿದ, "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಮೊದಲಿನಂಗ ಕಲಸಿ ಒಂದಽ ಚೀಲ ಮಾಡಿದ್ರ ಚಲೋ ಇತ್ತು." ಖರೆ. ಕಲಸಿದ್ದರೆ ಮಧ್ಯಮ ಎಂದು ಬರುತ್ತಿತ್ತು, ಹೊಲ ಸತ್ತಿಲ್ಲ ಎಂದೂ ಆಗುತ್ತಿತ್ತು, ಯಾರಿಗೂ ಆಸೆ ಹುಟ್ಟುತ್ತಿರಲಿಲ್ಲ. ಅವಳ ಮಣ್ಣನ್ನು ನಾನು ಕಾಣದೆ ಇದ್ದಾಗ ಒಂದು ಬೆಳೆ ಹಳದಿಯಾಯಿತು. ಕಂಡಾಗ ಮಣ್ಣೇ ಹೋಯಿತು.

ಸುಮ್ಮನಿರಲಾಗದೆ ಮರುವಾರ ಕೊಸ್ಮೀನಾ ಬಾಯಿಯ ಹತ್ತಿರ ಹೋದೆ. ಅದು ಮಾಬೂಬಿ ಮಾಡಿದ ಮಣ್ಣು ಬಾಯಿ, ವರ್ಷಗಟ್ಟಲೆ ತಲೆಯ ಮೇಲೆ ಹೊತ್ತು ಮಾಡಿದ್ದು ಎಂದೆ. ಅವಳು ನನ್ನನ್ನು ಕೂರಿಸಿ ಕೋಕಂ ಶರಬತ್ತು ಕೊಟ್ಟಳು.

"ಹೌದು ಪುತಾ, ಅವಳೇ ಮಾಡಿದಳು. ನಮ್ಮತ್ತೆಯೂ ಮಾಡಿದ್ದರು. ಅವರ ಹೆಸರು ಯಾವ ಕಾಗದದಲ್ಲಿತ್ತು? ಗಂಡ ಸತ್ತ ಮೇಲೆ ಈಗ ನನ್ನ ಹೆಸರಿದೆ. ಕೈಯಲ್ಲಿ ಶಕ್ತಿ ಇರುವಾಗಲೇ ಒಮ್ಮೆ ನಾನೂ ಮಾಡಿ ನೋಡಬೇಡವೇ?"

ನಾನು ಶರಬತ್ತು ಕುಡಿದು ಎದ್ದುಬಂದೆ. ಅವಳ ಮಾತೂ ಸರಿ ಎನಿಸಿತು.

ಮೊದಲ ವರ್ಷ ಕೊಸ್ಮೀನಾ ಬಾಯಿಯ ಮೆಣಸಿನಕಾಯಿ ಸೊಗಸಾಗಿ ಬಂತು. ಎರಡನೆಯ ವರ್ಷ ಗಿಡ ಮಂಕಾಯಿತು. ನಾನು ಆ ಕಡೆ ಹೋಗಿದ್ದ ಒಂದು ದಿನ ಅವಳು ಬಾವಿಯ ಬಳಿ ನಿಂತು ಮಾಬೂಬಿಯನ್ನು ಕರೆದು, ನೀನು ಇದಕ್ಕೆ ಏನು ಹಾಕುತ್ತಿದ್ದೆ ಎಂದು ಕೇಳಿದಳು. ಮಾಬೂಬಿ ನನ್ನ ಮುಖ ನೋಡಿದಳು. ಆಮೇಲೆ ತನಗೆ ಬರುವಷ್ಟು ಕೊಂಕಣಿಯಲ್ಲಿ ಹೇಳಿದಳು: "ಯೂರಿಯಾ, ಡಿಎಪಿ. ಮತ್ತೇನಿಲ್ಲ ಬಾಯಿ." ಅವಳು ಹಾಕಿದ್ದೆಲ್ಲ ನನ್ನ ಹಳೆಯ ಡೈರಿಯಲ್ಲಿ ಇತ್ತು, ಡೈರಿ ನನ್ನ ಹೆಗಲ ಚೀಲದಲ್ಲೇ ಇತ್ತು. ನಾನು ಬಾಯಿ ಬಿಡಲಿಲ್ಲ.

ನಿವೃತ್ತಿಯ ವಾರ ಕೊನೆಯ ಸುತ್ತಿನಲ್ಲಿ ಆ ಹೊಲದ ಸರದಿ ಬಂತು. ಹೋಗಿ ನೋಡಿದರೆ ಮುಂದಿನ ಅರ್ಧದಲ್ಲಿ, ರಾಜೇಸಾಬನ ಸೊಪ್ಪಿನ ಮಡಿಗಳ ನಡುವೆ, ಬೂದಿಯ ಗುರುತು, ಚಿಪ್ಪಿನ ಚೂರು. ಮಣ್ಣು ಆಗಲೇ ಕಪ್ಪಿಗೆ ತಿರುಗುತ್ತಿತ್ತು. ನಾನು ಸಲಿಕೆ ಎತ್ತಿದೆ. ಮಾಬೂಬಿ ಎದುರು ಬಂದು ನಿಂತಳು.

"ಇಲ್ಲಿ ಬ್ಯಾಡ್ರಿ ಅಣ್ಣಾರ." ಮೊದಲ ಸಲ ಅಣ್ಣ ಎಂದಿದ್ದಳು. ರಸ್ತೆಯ ಅಂಚಿನ ಮೂಲೆ ತೋರಿಸಿದಳು. ಅಲ್ಲಿ ಅವಳ ಬುಟ್ಟಿ ಇನ್ನೂ ಮುಟ್ಟಿರಲಿಲ್ಲ, ಜಂಬಿಟ್ಟಿಗೆಯ ಕೆಂಪು ಮಣ್ಣು. "ಅಲ್ಲಿಂದ ತಗೋರಿ. ಹೆಸರು ಅವರದಽ ಬರೀರಿ."

ರಸ್ತೆಯ ಅಂಚಿನ ಮಣ್ಣು ತೆಗೆಯಬಾರದು. ಒಂದೇ ಜಾಗದಿಂದ ತೆಗೆಯಬಾರದು. ಎರಡೂ ಗೊತ್ತಿದ್ದೇ ನಾನು ಆ ಮೂಲೆಯಿಂದಲೇ ಇಡೀ ಚೀಲ ತುಂಬಿದೆ. ಮೊಬೈಲಿನಲ್ಲಿ ರಾಜೇಸಾಬನ ಹೆಸರು ಒತ್ತಿದೆ. ನನ್ನ ಕೆಲಸದ ಕೊನೆಯ ಚೀಲ ಅದು, ತಿಳಿದೂ ತಿಳಿದೂ ತುಂಬಿದ ಸುಳ್ಳು. ಅದನ್ನು ಬರೆಯಲು ನನಗೆ ನಾಚಿಕೆ ಇದೆ. ಬೇರೆ ಏನು ಮಾಡಬೇಕಿತ್ತು ಎಂಬುದು ಇನ್ನೂ ತಿಳಿದಿಲ್ಲ.

ಆದ್ದರಿಂದ ತಂಗೀ, ನೀನು ಅಂದು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಹೆಂಗಸರ ಹೆಸರು ಬರೆ, ಬರೆಯಲೇಬೇಕು. ಆದರೆ ಬರೆಯುವ ಮೊದಲು, ನೆಲ ಯಾರದು ಎಂದು ಒಮ್ಮೆ ಕೇಳು. ಕೇಳಿದ ಮೇಲೆ ಏನು ಮಾಡಬೇಕೆಂದು ನನಗೆ ಗೊತ್ತಿದ್ದರೆ ಆ ದಿನ ಬಿಸ್ಕೀಟಿನ ತಟ್ಟೆ ತಳ್ಳುತ್ತಿರಲಿಲ್ಲ.

ಆ ಕೊನೆಯ ಚೀಲದ ಕಾರ್ಡು ಬಂದಾಗ ನಾನು ನಿವೃತ್ತನಾಗಿದ್ದೆ, ಆದರೂ ಕೇಳಿ ಪಡೆದು ನಾನೇ ಒಯ್ದು ಕೊಟ್ಟೆ. ಮಾಬೂಬಿ ಓದಿ ಹೇಳಿ ಎಂದಳು. ಮಣ್ಣು ಹುಳಿ, ಸತ್ವ ತೀರಾ ಕಡಿಮೆ ಎಂದು ಓದಿದೆ.

"ಕೆಟ್ಟ ಮಣ್ಣಂತ ಬರದೈತಲ್ರಿ? ಭಾಳ ಚಲೋ ಆತು," ಎಂದಳು.

ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕೊಸ್ಮೀನಾ ಬಾಯಿ ಭಾನುವಾರ ಚರ್ಚಿಗೆ ಹೋಗುವಾಗ ಕಣ್ಣಿಗೆ ಬೀಳುವ ಹಾಗೆ ಬೇಲಿಯ ಗೂಟಕ್ಕೆ ಕಟ್ಟಿದಳು. ಆಮೇಲೆ ಬೂದಿಯ ಬುಟ್ಟಿ ಹೊತ್ತುಕೊಂಡು ಮುಂದಿನ ಅರ್ಧಕ್ಕೆ ಇಳಿದಳು.